ಬೇಡಿಕೆ ಪುಸ್ತಕವೂ ಹದಿನೇಳು ಕಾಮಾಲೆಗಳೂ

ಕಾಲೇಜು ಲೈಬ್ರರಿಗೆ ಹೊಸದಾಗಿ ಕೆಲಸಕ್ಕೆ ಸೇರುತ್ತಿರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಲೈಬ್ರರಿಗೆ ಯಾರೂ ಪುಸ್ತಕಕ್ಕಾಗಿ ಬರುವುದಿಲ್ಲ. ಫ್ಯಾನಿನ ಗಾಳಿಗೆ ಬರುತ್ತಾರೆ, ಮೊಬೈಲ್ ಚಾರ್ಜ್ ಮಾಡಿಕೊಳ್ಳಲು ಬರುತ್ತಾರೆ, ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ ಅಂತ ಬರುತ್ತಾರೆ. ಬಂದವರು ಸುಮ್ಮನೆ ಕೂರಲಾರದೆ ನಿಮ್ಮನ್ನು ಏನಾದರೊಂದು ಕೇಳುತ್ತಾರೆ. ಪುಸ್ತಕಕ್ಕೆ ನಂಬರು ಹಾಕುವುದು ಹೇಗೆ ಅಂತ ನಮಗೆ ವರ್ಷಗಟ್ಟಲೆ ಕಲಿಸಿದರು. "ಸಾ, ನನ್ ರೂಮ್‌ಮೇಟು ದಿನಾ ನನ್ ಕೊಬ್ರಿ ಎಣ್ಣೆ ಕದೀತಾನೆ, ಏನ್ ಮಾಡ್ಲಿ?" ಅಂತ ಕೇಳಿದವನಿಗೆ ಏನು ಹೇಳಬೇಕು ಅಂತ ಯಾರೂ ಕಲಿಸಲಿಲ್ಲ. ನಾನು ಬಾಟಲಿಗೆ ಅರ್ಧ ಹರಳೆಣ್ಣೆ ಬೆರೆಸು ಅಂದೆ. ಆ ವಾರ ಹಾಸ್ಟೆಲ್ಲಿನಲ್ಲಿ ಒಬ್ಬನ ಕೂದಲು ತಲೆಗೆ ಅಂಟಿಕೊಂಡಿತ್ತು, ಕಳ್ಳ ಸಿಕ್ಕಿಬಿದ್ದ.

ಎಚ್.ಡಿ. ಕೋಟೆ, ಕೆ.ಆರ್. ನಗರ, ಪಿರಿಯಾಪಟ್ಟಣ, ಕೊನೆಗೆ ಹುಣಸೂರು, ಹೀಗೆ ನಾಲ್ಕು ತಾಲ್ಲೂಕುಗಳಲ್ಲಿ ನಾನು ಕಾಲೇಜು ಲೈಬ್ರರಿಯನ್ ಆಗಿದ್ದೆ. ಕಾಲೇಜುಗಳ ಹೆಸರು ಬರೆಯುವುದಿಲ್ಲ. ಪಿಂಚಣಿ ಬರುತ್ತಿದೆ, ಅದು ಹೀಗೇ ನೆಮ್ಮದಿಯಾಗಿ ಬರುತ್ತಿರಲಿ ಅಂತ ಆಸೆ. ಬಡ್ತಿ ಯಾವಾಗ ಬಂತು, ವರ್ಗಾವಣೆಗೆ ಯಾರ ಕಾಲು ಹಿಡಿದೆ ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಬೀಳ್ಕೊಡುಗೆ ದಿನ ಶಾಲು ಹೊದಿಸಿ, ನನ್ನಿಂದ ಗ್ರಂಥಾಲಯ ಬೆಳಗಿತು ಅಂತ ಭಾಷಣ ಮಾಡಿದರು. ಬೆಳಗಿದ್ದು ಟ್ಯೂಬ್‌ಲೈಟು. ನಾನು ನಿಜವಾಗಿ ಮಾಡಿದ ಕೆಲಸ ಬೇರೆ ಇತ್ತು, ಅದರ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಪ್ರತಿ ಲೈಬ್ರರಿಯಲ್ಲೂ ಒಂದು ಬೇಡಿಕೆ ಪುಸ್ತಕ ಇರುತ್ತದೆ. ಉದ್ದನೆಯ ರೂಲ್ಡ್ ನೋಟ್‌ಬುಕ್ಕಿಗೆ ದಾರ ಕಟ್ಟಿ ಕೌಂಟರಿಗೆ ನೇತುಹಾಕಿರುತ್ತೇವೆ, ಪಕ್ಕದಲ್ಲೇ ಇನ್ನೊಂದು ದಾರಕ್ಕೆ ಪೆನ್ನು. ಬೇಕಾದ ಪುಸ್ತಕದ ಹೆಸರನ್ನು ವಿದ್ಯಾರ್ಥಿಗಳು ಅದರಲ್ಲಿ ಬರೆಯಬೇಕು, ಕೆಳಗೆ ನಾವು "ತರಿಸಲಾಗಿದೆ" ಎಂದೋ "ಲಭ್ಯವಿಲ್ಲ" ಎಂದೋ ಬರೆಯಬೇಕು. ಹೆಸರು ಬರೆಯುವ ಕಟ್ಟಳೆ ಇಲ್ಲ. ಎಚ್.ಡಿ. ಕೋಟೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಒಬ್ಬ ಅದರಲ್ಲಿ, "ಪರೀಕ್ಷೆಯ ಭಯ ಹೋಗುವ ಪುಸ್ತಕ ಬೇಕು" ಅಂತ ಬರೆದ. ನನಗೆ ನಾಲಿಗೆ ತುರಿಸಿತು. "ಅದು ನಿಮ್ಮ ಪಠ್ಯಪುಸ್ತಕ. ಎರಡನೇ ಬೀರು, ಮೂರನೇ ಸಾಲು. ಧೂಳು ಜಾಸ್ತಿ ಇದೆ, ಕರ್ಚೀಫು ತನ್ನಿ" ಅಂತ ಕೆಳಗೆ ಬರೆದೆ. ಮಾರನೆಯ ದಿನ ನೋಡಿದರೆ ಅದರ ಕೆಳಗೆ ನಾಲ್ಕು ಪ್ರಶ್ನೆ ಬಿದ್ದಿದ್ದವು. ಒಂದಕ್ಕೂ ಪುಸ್ತಕಕ್ಕೂ ಸಂಬಂಧ ಇರಲಿಲ್ಲ.

ಅಲ್ಲಿಂದ ಶುರುವಾಯಿತು. ಕಾಕನಕೋಟೆ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ, "ದಾರಿಯಲ್ಲಿ ಆನೆ ನಿಂತಿತ್ತು, ಅದಕ್ಕೆ ಲೇಟಾಯಿತು ಅಂದರೆ ಇತಿಹಾಸದ ಮೇಷ್ಟ್ರು ನಂಬುವುದಿಲ್ಲ, ಏನು ಮಾಡಲಿ?" ಅಂತ ಬರೆದ. "ಮುಂದಿನ ಸಲ ಆನೆಯ ಕೈಲಿ ಸಹಿ ಹಾಕಿಸಿಕೊಂಡು ಬನ್ನಿ" ಅಂತ ನಾನು ಬರೆದೆ. ಇಡೀ ಕಾಲೇಜು ನಕ್ಕಿತು, ಇತಿಹಾಸದ ಮೇಷ್ಟ್ರೂ ನಕ್ಕರು. ಕೆಲವೇ ದಿನಕ್ಕೆ ಅದೇ ಮೇಷ್ಟ್ರು ಯಾವುದೋ ಮದುವೆ ಮುಗಿಸಿ ಅದೇ ರಸ್ತೆಯಲ್ಲಿ ಬರುವಾಗ ಬಸ್ಸು ಒಂದೂವರೆ ಗಂಟೆ ನಿಂತಿತು. ಕಾಲೇಜಿಗೆ ಬಂದವರು ಸೀದಾ ಲೈಬ್ರರಿಗೆ ಬಂದು, ಬೇಡಿಕೆ ಪುಸ್ತಕ ಎಳೆದುಕೊಂಡು, "ಆನೆ ಸಹಿ ಹಾಕಲು ಒಪ್ಪಲಿಲ್ಲ" ಅಂತ ಬರೆದು ತಮ್ಮ ಹೆಸರನ್ನೂ ಹಾಕಿ ಹೋದರು. ಆಮೇಲೆ ಆ ಹುಡುಗನನ್ನು ಅವರು ಒಂದು ದಿನವೂ ಹೊರಗೆ ನಿಲ್ಲಿಸಲಿಲ್ಲ.

ಕೆ.ಆರ್. ನಗರದಲ್ಲಿ ನೀರಾವರಿ ಸೀಮೆ, ಹೊಟ್ಟೆ ತುಂಬಿದ ಹುಡುಗರು. ಅಲ್ಲಿನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಪ್ರೇಮದವು. ಒಬ್ಬ, "ಇಷ್ಟಪಡುವ ಹುಡುಗಿಯ ಹತ್ತಿರ ಮಾತು ಹೇಗೆ ಶುರು ಮಾಡುವುದು?" ಅಂತ ಕೇಳಿದ. ಅವರು ಓದುವ ಪುಸ್ತಕ ನೀವೂ ಓದಿ, ಮಾತಿಗೊಂದು ವಿಷಯ ಸಿಗುತ್ತದೆ ಅಂತ ಬರೆದೆ. ಹುಡುಗಿ ಗೃಹವಿಜ್ಞಾನದವಳು ಅಂತ ನನಗೇನು ಗೊತ್ತು? ಆ ಬಡಪಾಯಿ ಎರಡು ತಿಂಗಳು ಬಾಣಂತಿಯ ಆಹಾರ, ಹಸುಗೂಸಿನ ಆರೈಕೆ ಅಂತ ಐದು ಪುಸ್ತಕ ಮುಗಿಸಿದ. ಹುಡುಗಿ ಅವನತ್ತ ತಿರುಗಿಯೂ ನೋಡಲಿಲ್ಲ. ವರ್ಷಗಳಾದ ಮೇಲೆ ಒಂದು ದಿನ ಫೋನ್ ಬಂತು. "ಸಾ, ನನ್ನೆಂಡ್ತಿಗೆ ಎರಿಗೆ ಆಯ್ತು. ವಾರ್ಡ್‌ನಲ್ಲಿ ನಮ್ಮತ್ತೆಗಿಂತ ನಂಗೇ ಎಚ್ಗೆ ಗೊತ್ತದೆ ಕಣ್ ಸಾ. ಎಲ್ಲಾ ನಿಮ್ ಲೈಬ್ರರಿದೇ" ಅಂದ. ಪಕ್ಕದಲ್ಲಿ ಒಬ್ಬ ಹೆಂಗಸು ಅವನನ್ನು ಬೈಯುತ್ತಿದ್ದದ್ದೂ ಕೇಳಿಸಿತು.

ಪಿರಿಯಾಪಟ್ಟಣದಲ್ಲಿ ಸಿಕ್ಕ ಪ್ರಿನ್ಸಿಪಾಲರು ಮಾತ್ರ ಬಲು ಬಿಗಿ. ಅವರ ಮಾತು ಒಮ್ಮೆ ಶುರುವಾದರೆ ಮಧ್ಯೆ ಉಸಿರು ತೆಗೆದುಕೊಳ್ಳುವುದೂ ಕಷ್ಟ. ಬೇಡಿಕೆ ಪುಸ್ತಕ ನೋಡಿ, "ಇದೇನ್ರೀ ಕಾಡುಹರಟೆ? ನಾಳೆಯಿಂದ ಬಂದ್!" ಅಂದರು. ನಾನು ದಾರ ಬಿಚ್ಚಿ ಮೇಜಿನ ಡ್ರಾಯರಿಗೆ ಹಾಕಿಟ್ಟೆ. ಮೂರನೆಯ ದಿನ ಡ್ರಾಯರು ತೆಗೆದು ನೋಡಿದರೆ ಕೊನೆಯ ಪುಟದಲ್ಲಿ ಹೊಸದೊಂದು ಪ್ರಶ್ನೆ. "ಮಗ ನನ್ನ ಜೊತೆ ಮಾತಾಡುವುದಿಲ್ಲ. ಏನು ಮಾಡಬೇಕು?" ಹೆಸರಿಲ್ಲ, ಆದರೆ ಹಸಿರು ಇಂಕು. ನಮ್ಮ ಕಾಲೇಜಿನಲ್ಲಿ ಹಸಿರು ಇಂಕಿನಲ್ಲಿ ಬರೆಯುವ ಅಧಿಕಾರ ಇದ್ದದ್ದು ಒಬ್ಬರಿಗೇ. "ಒಂದು ವಾರ ನೀವು ಮಾತು ನಿಲ್ಲಿಸಿ ನೋಡಿ" ಅಂತ ಬರೆದಿಟ್ಟೆ. ಮುಂದೇನಾಯಿತು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪುಸ್ತಕ ಮತ್ತೆ ಕೌಂಟರಿಗೆ ಬಂತು, ಅವರು ಅದನ್ನು ಕಂಡೂ ಕಾಣದಂತೆ ಓಡಾಡಿದರು.

ನಡುವೆ ಕೆಲಸದ ರೀತಿಯೆಲ್ಲ ಬದಲಾಯಿತು. ಕಾರ್ಡುಗಳ ಮರದ ಪೆಟ್ಟಿಗೆ ಹೋಗಿ ಕಂಪ್ಯೂಟರ್ ಬಂತು, ಬಾರ್‌ಕೋಡ್ ಬಂತು. ಮೊಬೈಲ್ ಬಂದ ಮೇಲೆ ಇನ್ನು ನನ್ನನ್ನು ಯಾರು ಕೇಳುತ್ತಾರೆ ಅಂದುಕೊಂಡೆ. ಕೇಳುವುದು ಜಾಸ್ತಿಯೇ ಆಯಿತು. ಮೊದಲು ಮುಖದ ಮೊಡವೆಗೆ ಏನು ಮಾಡಲಿ ಅಂತ ಕೇಳುತ್ತಿದ್ದವರು ಈಗ, ಮೊಬೈಲಿನಲ್ಲಿ ಹೇಳಿದ ಏಳು ಬಗೆ ಹಚ್ಚಿ ಮುಖ ಉರಿಯುತ್ತಿದೆ, ಏನು ಮಾಡಲಿ ಅಂತ ಕೇಳತೊಡಗಿದರು. ತಣ್ಣೀರಿನಲ್ಲಿ ತೊಳೆದುಕೊಂಡು ಆಸ್ಪತ್ರೆಗೆ ಹೋಗಿ ಎಂಬುದು ಎರಡಕ್ಕೂ ನನ್ನ ಉತ್ತರ. ಇಂಗ್ಲಿಷ್ ಬರುವುದಿಲ್ಲ ಅಂತ ಹೆದರಿದವರಿಗೆ, ನಿಮ್ಮ ಪಕ್ಕದವನಿಗೂ ಬರುವುದಿಲ್ಲ, ಅವನು ತಲೆ ಆಡಿಸುವುದನ್ನು ಕಲಿತಿದ್ದಾನೆ ಅಷ್ಟೇ ಅಂತ ಬರೆಯುತ್ತಿದ್ದೆ. ನನ್ನ ಉತ್ತರಗಳ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಿದ್ದರು. ನನ್ನ ತಲೆ ಸ್ವಲ್ಪ ತಿರುಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಆದರೆ ಕೊನೆಯ ಎರಡು ವರ್ಷದ ಬೇಡಿಕೆ ಪುಸ್ತಕ ತೆಗೆದು ನೋಡಿದರೆ ನಿಮಗೆ ಜೋಕುಗಳು ಸಿಗುವುದು ಅಪರೂಪ. ಪುಟ ಪುಟದಲ್ಲೂ "ಬಂದು ಕೂತು ಮಾತಾಡಿ" ಎಂಬ ಒಂದೇ ಸಾಲು ಇದೆ. ಯಾಕೆ ಹಾಗಾಯಿತು ಎಂಬುದನ್ನು ಹೇಳಬೇಕೆಂದೇ ಇಷ್ಟೆಲ್ಲ ಬರೆಯಲು ಕೂತೆ.

ಹುಣಸೂರು ಹೊಗೆಸೊಪ್ಪಿನ ಸೀಮೆ. ಹೊಲದಿಂದ ಸೊಪ್ಪು ಮುರಿದು ತಂದು, ಉದ್ದುದ್ದ ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕಿಟಕಿಯಿಲ್ಲದ ಕೋಣೆಯೊಳಗೆ ಸಾಲುಸಾಲಾಗಿ ನೇತುಹಾಕುತ್ತಾರೆ. ಹೊರಗಿನಿಂದ ಒಲೆಗೆ ಸೌದೆ ಹಾಕಿ ಐದಾರು ದಿನ ಬೇಯಿಸುತ್ತಾರೆ. ಆ ಐದಾರು ದಿನವೂ ಒಬ್ಬರಲ್ಲ ಒಬ್ಬರು ಬೆಂಕಿಯ ಮುಂದೆ ಇರಲೇಬೇಕು. ಬಿಸಿ ಏರಿದರೂ ಕಷ್ಟ, ಇಳಿದರೂ ಕಷ್ಟ. ಬ್ಯಾರನ್ ಹಚ್ಚಿದ ಕಾಲದಲ್ಲಿ ನಮ್ಮ ಕಾಲೇಜಿನ ಹಿಂದಿನ ಬೆಂಚುಗಳು ಖಾಲಿ ಹೊಡೆಯುತ್ತವೆ. ಸೆಮಿಸ್ಟರ್ ಕೊನೆಗೆ ಹಾಜರಾತಿ ಕಡಿಮೆ ಇದ್ದವರ ಪಟ್ಟಿ ನೋಟಿಸ್ ಬೋರ್ಡಿಗೆ ಬೀಳುತ್ತದೆ. ಹಾಜರಾತಿ ಸಾಲದಿದ್ದರೆ ಹಾಲ್‌ಟಿಕೆಟ್ ಇಲ್ಲ, ಪರೀಕ್ಷೆ ಇಲ್ಲ. ವಿನಾಯಿತಿ ಇರುವುದು ಕಾಯಿಲೆ ಬಿದ್ದವರಿಗೆ ಮಾತ್ರ.

ಹಾಗಾಗಿ ಪಟ್ಟಿ ಬಿದ್ದ ಕೂಡಲೇ ಎಲ್ಲರಿಗೂ ಹಿಂದಿನ ತಾರೀಖಿನಿಂದ ಕಾಯಿಲೆ ಬರುತ್ತಿತ್ತು. ನಮ್ಮ ಮಕ್ಕಳಿಗೆ ಅಚ್ಚುಮೆಚ್ಚಿನ ಕಾಯಿಲೆ ಕಾಮಾಲೆ. ಅದಕ್ಕೆ ಒಳ್ಳೆಯ ಕಾರಣಗಳಿವೆ. ಅದು ವಾರಗಟ್ಟಲೆ ವಿಶ್ರಾಂತಿ ಬೇಡುತ್ತದೆ, ಮೈಮೇಲೆ ಗುರುತು ಬಿಡುವುದಿಲ್ಲ, ನಾಟಿ ಔಷಧಿಯಲ್ಲಿ ವಾಸಿಯಾಯಿತು ಅಂದರೆ ಆಸ್ಪತ್ರೆಯ ಚೀಟಿಯನ್ನೂ ತೋರಿಸಬೇಕಾಗಿಲ್ಲ. ಸರ್ಟಿಫಿಕೇಟು ಬರೆದುಕೊಡುವ ಪುಣ್ಯಾತ್ಮ ಡಾಕ್ಟರೂ ಒಬ್ಬರಿದ್ದರು, ಯಾವ ಊರು ಅಂತ ಹೇಳುವುದಿಲ್ಲ.

ಆ ವರ್ಷ ಪಟ್ಟಿ ಬಿದ್ದ ದಿನ ಬೇಡಿಕೆ ಪುಸ್ತಕದಲ್ಲಿ ದುಂಡಗಿನ ಸಣ್ಣ ಅಕ್ಷರದಲ್ಲಿ ಒಂದು ಪ್ರಶ್ನೆ ಇತ್ತು. "ಹಾಜರಾತಿ ಕಡಿಮೆ ಇದೆ. ಎಲ್ಲರೂ ಕಾಮಾಲೆ ಸರ್ಟಿಫಿಕೇಟು ಕೊಡುತ್ತಿದ್ದಾರೆ. ನನಗೆ ಬೇರೆ ಕಾರಣ ಇದೆ. ನಾನೂ ಸುಳ್ಳು ಕೊಡಬೇಕಾ, ನಿಜ ಬರೆಯಬೇಕಾ?" ನಾನು ಎರಡನೆಯ ಸಲ ಯೋಚನೆಯನ್ನೇ ಮಾಡದೆ ಬರೆದೆ. "ನಿಜ ಬರೆಯಿರಿ. ನಮ್ಮ ಪ್ರಿನ್ಸಿಪಾಲರು ಇಡೀ ಸರ್ವಿಸಿನಲ್ಲಿ ನಿಜ ಓದಿದವರಲ್ಲ. ಗಾಬರಿಯಾಗಿ ಸಹಿ ಹಾಕಿಬಿಡುತ್ತಾರೆ." ಅವತ್ತು ಅದರ ಫೋಟೋ ಎಷ್ಟು ಸ್ಟೇಟಸ್ಸುಗಳಲ್ಲಿ ಓಡಾಡಿತು ಅಂದರೆ, ಕ್ಯಾಂಟೀನಿನವನು ನನ್ನನ್ನು ಕಂಡ ಕೂಡಲೇ ಕಾಫಿ ತಂದಿಟ್ಟ.

ಸುಮಾರು ಹತ್ತು ದಿನವಾಗಿತ್ತು. ಬಿ.ಎ. ಕೊನೆಯ ವರ್ಷದ ಪವಿತ್ರ ಎಂಬ ಹುಡುಗಿ ನಾಲ್ಕು ಪುಸ್ತಕ ತಂದು ಕೌಂಟರ್ ಮೇಲಿಟ್ಟಳು. ಗಾವಡಗೆರೆ ಹತ್ತಿರದ ಹಳ್ಳಿಯವಳು, ಮಾತು ಕಡಿಮೆ, ಪುಸ್ತಕಕ್ಕೆ ರಟ್ಟು ಹಾಕಿಕೊಂಡು ಓದುವ ಪೈಕಿ.

"ನೋ ಡ್ಯೂ ಬರ್ಕೊಡಿ ಸಾ. ಟಿಸಿ ತಗೋಬೇಕು" ಅಂದಳು.

"ಪರೀಕ್ಷೆ ಬರೀದೆ ಟಿಸಿ ಯಾಕಮ್ಮ?"

"ಆಲ್‌ಟಿಕೆಟ್ ಕೊಡಕಿಲ್ಲ ಅಂದ್ರು ಸಾ. ಅಟೆಂಡೆನ್ಸ್ ಸಾಲ್ದು. ಅಪ್ಪ, ಇನ್ನೊಂದ್ ವರ್ಸ ಯಾಕೆ, ಓದಿದ್ದು ಸಾಕ್ ಬುಡು ಅಂದವ್ರೆ."

"ಸರ್ಟಿಫಿಕೇಟು ಕೊಟ್ಟವರಿಗೆಲ್ಲ ವಿನಾಯಿತಿ ಕೊಟ್ಟಿದ್ದಾರಲ್ಲ?"

"ನಾನು ಸರ್ಟಿಫಿಕೇಟ್ ಕೊಡ್ಲಿಲ್ಲ ಸಾ. ಅಪ್ಪನ್ ಕಾಲ್ ಮುರ್ದು ಮಲಗವ್ರೆ, ಅವ್ವ ಕೂಲಿಯವ್ರ ಜೊತೆ ಒಲದಲ್ಲಿರ್ತಾರೆ, ಬ್ಯಾರನ್ ನೋಡ್ಕೊಳಕ್ಕೆ ನನ್ ಬಿಟ್ರೆ ಯಾರೂ ಇಲ್ಲ ಅಂತ ನಿಜ ಬರ್ದೆ. ನೀವೇ ಅಂಗ್ ಬರೀರಿ ಅಂದಿದ್ರಲ್ಲ."

ಅವಳ ದನಿಯಲ್ಲಿ ಆರೋಪ ಇರಲಿಲ್ಲ. ಮುಂದಿನ ಬಸ್ಸು ಎಷ್ಟೊತ್ತಿಗೆ ಅಂತ ಹೇಳಿದ ಹಾಗೆ ಹೇಳಿದಳು. ಸುಳ್ಳು ಹೇಳಿದವರೆಲ್ಲ ಹಾಲ್‌ಟಿಕೆಟ್ ಹಿಡಿದು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನನ್ನ ಮಾತನ್ನು ನಂಬಿದವಳು ಒಬ್ಬಳೇ, ಅವಳೊಬ್ಬಳ ಓದೇ ನಿಂತುಹೋಗುತ್ತಿತ್ತು. ಇಷ್ಟು ವರ್ಷ ಕೇಳಿದವರು ಯಾರು ಅಂತ ತಿಳಿಯದೆ, ತಿಳಿಯುವ ಗೋಜಿಗೂ ಹೋಗದೆ, ನಾಲ್ಕು ಜನ ನಗಲಿ ಅಂತ ಉತ್ತರ ಬರೆದುಕೊಂಡು ಬಂದಿದ್ದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ನೀನೂ ಈಗ ಒಂದು ಸರ್ಟಿಫಿಕೇಟು ತಂದುಬಿಡಮ್ಮ" ಅಂದೆ. ನಾಚಿಕೆಗೆಟ್ಟವನು, ನಿಜ ಬರಿ ಅಂದ ಬಾಯಲ್ಲೇ ಹೇಳಿದೆ.

"ನಿಜ ಬರ್ದು ಸೈನ್ ಆಕಿ ಕೊಟ್ಟಾಗದೆ ಸಾ. ಈಗ್ ಕಾಮಾಲೆ ಅಂತ ತಂದ್ರೆ ಎರಡ್ರಲ್ಲಿ ಯಾವ್ದು ಸುಳ್ಳು ಅಂತಾರೆ?"

ನೋ ಡ್ಯೂ ಫಾರಂ ಮುಗಿದುಹೋಗಿದೆ, ಎರಡು ದಿನ ಬಿಟ್ಟು ಬಾ ಅಂತ ಹೇಳಿ ಕಳಿಸಿದೆ. ಫಾರಮ್ಮುಗಳ ಕಟ್ಟು ನನ್ನ ಮೊಣಕೈ ಕೆಳಗೇ ಇತ್ತು. ಅಟೆಂಡರ್ ಪುಟ್ಟತಾಯಮ್ಮನವರು ಬೀರುವಿನ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹುಡುಗಿ ಮೆಟ್ಟಿಲು ಇಳಿಯುವುದನ್ನೇ ಕಾಯುತ್ತಿದ್ದು ನನ್ನ ಮುಂದೆ ಬಂದರು.

"ಸಾ, ತಪ್ಪ್ ತಿಳ್ಕೋಬೇಡಿ. ನೀವ್ ಬರ್ದಿದ್ದುಕ್ಕೆ ನಾನೂ ನಕ್ಕಿವ್ನಿ. ಆದ್ರೆ ಬ್ಯಾರನ್ ಮುಂದ್ ಕುಂತವ್ಳಿಗೆ ನಗು ಬತ್ತದಾ? ಓಗಿ, ಆ ಪ್ರಿನ್ಸಿಪಾಲ್ರ ಕಾಲಾದ್ರೂ ಕಟ್ಕಳಿ, ಜಗ್ಳನಾದ್ರೂ ಆಡಿ. ಸುಮ್ಕೆ ಕುಂತ್ಕಂಡ್ರೆ ನಾನ್ ನಿಮ್ಗೆ ಕಾಪಿ ತರಕಿಲ್ಲ."

ಹುಣಸೂರಿನ ಪ್ರಿನ್ಸಿಪಾಲರು ಸಸ್ಯಶಾಸ್ತ್ರದವರು. ಕೆಟ್ಟವರಲ್ಲ, ನಿಯಮದ ಪುಸ್ತಕ ಕಂಡರೆ ಕಾಲು ನಡುಗುವ ಸ್ವಭಾವ. ಪವಿತ್ರಳ ಅರ್ಜಿಯನ್ನು ತೆಗೆಸಿ ನನ್ನ ಮುಂದಿಟ್ಟರು. "ನಾನೇನ್ ಮಾಡ್ಲಿ ಹೇಳ್ರೀ? ಇದರಲ್ಲಿ ಬರೆದಿರೋದು ಕಾಯಿಲೆ ಅಲ್ಲ, ಬೇಸಾಯ. ಬೇಸಾಯಕ್ಕೆ ವಿನಾಯಿತಿ ಕೊಡಿ ಅಂತ ಎಲ್ಲಿದೆ?"

"ಸುಳ್ಳು ಬರೆದಿದ್ದರೆ ಕೊಡ್ತಿದ್ರಿ ಸಾರ್."

"ಸುಳ್ಳು ಅಂತ ನನಗೆ ಹೇಗ್ರೀ ಗೊತ್ತಾಗುತ್ತೆ? ಡಾಕ್ಟರ್ ಸೀಲ್ ಹಾಕಿದ್ದಾರೆ."

ಫೈಲು ನೋಡಬಹುದೇ ಅಂತ ಕೇಳಿ ಎಣಿಸಿದೆ. ಹದಿನೇಳು ಸರ್ಟಿಫಿಕೇಟು. ಹದಿನೇಳೂ ಕಾಮಾಲೆ, ಹದಿನೇಳೂ ಒಂದೇ ಕೈಬರಹ. ಒಬ್ಬ ಹುಡುಗನನ್ನು ಗಡಿಬಿಡಿಯಲ್ಲಿ ಕುಮಾರಿ ಅಂತ ಬರೆದಿದ್ದರು.

"ಸಾರ್, ಒಂದೇ ಕಾಲೇಜಿನಲ್ಲಿ ಹದಿನೇಳು ಜನಕ್ಕೆ ಕಾಮಾಲೆ. ಅದು ಕೆಟ್ಟ ನೀರಿಂದ ಬರೋದು. ನಮ್ಮ ಟ್ಯಾಂಕ್ ತೊಳೆಸಿ ಎಷ್ಟು ದಿನ ಆಯ್ತು?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಗೊತ್ತಿದ್ದೂ ಸುಮ್ಮನಿದ್ರೆ ನಾಳೆ ನಮ್ಮ ಮೇಲೇ ಬರುತ್ತೆ. ಆರೋಗ್ಯ ಇಲಾಖೆಗೆ ಒಂದು ಪತ್ರ ನಾನೇ ಬರ್ಕೊಡ್ತೀನಿ. ಹದಿನೇಳು ಸರ್ಟಿಫಿಕೇಟೂ ಲಗತ್ತಿಸೋಣ. ಅವರು ಬಂದು ಟ್ಯಾಂಕ್ ನೋಡ್ತಾರೆ, ಕ್ಯಾಂಟೀನ್ ನೋಡ್ತಾರೆ, ಆ ಡಾಕ್ಟರನ್ನೂ ಒಂದು ಮಾತು ಕೇಳ್ತಾರೆ."

"ಏನ್ರೀ ಇದು, ಬೆದರಿಕೆನಾ?"

"ಅಲ್ಲ ಸಾರ್. ಮಕ್ಕಳ ಆರೋಗ್ಯ."

ಅವರು ನೀರಿನ ಲೋಟ ಕೈ‌ಗೆ ತೆಗೆದುಕೊಂಡರು, ಅದನ್ನೊಮ್ಮೆ ನೋಡಿದರು, ಕುಡಿಯದೆ ಮೇಜಿನ ಮೇಲಿಟ್ಟರು. ಆಗ ನಾನು ಬಗಲಲ್ಲಿದ್ದ ಬೇಡಿಕೆ ಪುಸ್ತಕ ತೆಗೆದು ಅವರ ಮುಂದೆ ಹಿಡಿದೆ. ನಿಜ ಬರಿ ಅಂತ ಆ ಹುಡುಗಿಗೆ ಹೇಳಿದ್ದು ನಾನೇ, ಅವಳಿಗೇನಾದರೂ ಆದರೆ ನನಗೆ ನಿದ್ದೆ ಬರುವುದಿಲ್ಲ ಅಂದೆ. ಅವರು ತಮ್ಮ ಬಗ್ಗೆ ನಾನು ಬರೆದಿದ್ದ ಸಾಲನ್ನು ಎರಡು ಸಲ ಓದಿದರು. ಕಿವಿ ಕೆಂಪಾಯಿತು.

"ನಾನು ಗಾಬರಿ ಬೀಳೋ ಆಸಾಮಿನೇನ್ರೀ?"

"ತಪ್ಪಾಯ್ತು ಸಾರ್."

ಅವರು ಹಸಿರು ಪೆನ್ನು ತೆಗೆದು ನೋಟಿಸ್ ಬರೆದರು. ಹಾಜರಾತಿ ಪಟ್ಟಿಯಲ್ಲಿ ಹೆಸರಿದ್ದ ಹದಿನೆಂಟು ಮಂದಿಗೂ, ಕಾಯಿಲೆ ಬಿದ್ದಿದ್ದರೂ ಬೀಳದಿದ್ದರೂ, ಸೋಮವಾರದಿಂದ ಶನಿವಾರದವರೆಗೆ ದಿನವಿಡೀ ಹೆಚ್ಚುವರಿ ತರಗತಿ. ಬಂದವರ ಹಾಜರಾತಿ ಭರ್ತಿಯಾಗುತ್ತದೆ, ಬರದಿದ್ದವರಿಗೆ ಪರೀಕ್ಷೆ ಇಲ್ಲ. ಸರ್ಟಿಫಿಕೇಟುಗಳನ್ನು ವಾಪಸ್ ಕೊಟ್ಟು, ಹಂಚಿದ ಹಾಲ್‌ಟಿಕೆಟ್ಟುಗಳನ್ನು ಸದ್ಯಕ್ಕೆ ವಾಪಸ್ ತೆಗೆದುಕೊಳ್ಳಿ ಅಂದರು. ಓದುವ ರಜೆಯಲ್ಲಿ ಪಾಠ ಮಾಡಬೇಕಾಗಿ ಬಂದ ಮೇಷ್ಟ್ರುಗಳು ನನ್ನನ್ನು ಕಂಡರೆ ಮುಖ ತಿರುಗಿಸಿಕೊಂಡರು. ಹದಿನೇಳು ರೋಗಿಗಳಲ್ಲಿ ಒಬ್ಬ ಬೇಡಿಕೆ ಪುಸ್ತಕದಲ್ಲಿ, "ಲೈಬ್ರರಿಯನ್ನರ ಬಾಯಿ ಮುಚ್ಚಿಸುವ ಪುಸ್ತಕ ಬೇಕು" ಅಂತ ಬರೆದಿದ್ದ. "ತರಿಸಲಾಗುವುದು" ಅಂತ ಉತ್ತರಿಸಿದೆ.

ಗೆದ್ದೆ ಅಂದುಕೊಂಡು ಪವಿತ್ರಳಿಗೆ ಫೋನ್ ಮಾಡಿದೆ. ಈ ವರ್ಷದ ಕೊನೆಯ ಬ್ಯಾರನ್ನಿಗೆ ನಿನ್ನೆಯೇ ಸೊಪ್ಪು ತುಂಬಿಯಾಗಿದೆ, ಸೋಮವಾರ ಬೆಂಕಿ ಹಚ್ಚುತ್ತೇವೆ, ಆರು ದಿನ ಹಗಲು ಹೊತ್ತು ತಾನೇ ನೋಡಿಕೊಳ್ಳಬೇಕು ಅಂದಳು. ರಾತ್ರಿ ಅವ್ವ ಕೂರುತ್ತಾರೆ, ಆದರೆ ಹಗಲು ಅವರು ಹೊಲದ ಕೆಲಸ ಬಿಡುವ ಹಾಗಿಲ್ಲ. ತರಗತಿಯೂ ಆರು ದಿನ, ಬ್ಯಾರನ್ನೂ ಆರು ದಿನ. ನಾನು ಭಾನುವಾರ ಬಸ್ಸು ಹತ್ತಿ ಅವರ ಊರಿಗೆ ಹೋದೆ.

ಅವಳ ಅಪ್ಪ ಚಿಕ್ಕೇಗೌಡರು ಬ್ಯಾರನ್ನಿನ ಎದುರು ಚಪ್ಪರದ ಕೆಳಗೆ ಮಂಚ ಹಾಕಿಸಿಕೊಂಡು, ಬ್ಯಾಂಡೇಜಿನ ಕಾಲು ದಿಂಬಿನ ಮೇಲಿಟ್ಟು ಮಲಗಿದ್ದರು. ಕಾಫಿ ಕೊಡಿಸಿ, "ನೀವ್ ಯಾವ್ ಪಾಟ ಮಾಡದು ಮೇಷ್ಟ್ರೇ?" ಅಂತ ಕೇಳಿದರು.

"ಪಾಠ ಮಾಡಲ್ಲ ಗೌಡ್ರೇ, ಮಕ್ಕಳಿಗೆ ಪುಸ್ತಕ ಕೊಡ್ತೀನಿ."

"ಓ, ಬರೀ ಕೊಡದು" ಅಂದರು. ನನ್ನ ಮೂರು ದಶಕದ ಸರ್ವಿಸು ಎರಡು ಮಾತಿನಲ್ಲಿ ಮುಗಿಯಿತು. ಮಗಳನ್ನು ಆರು ದಿನ ಕಳಿಸಿಕೊಡಿ ಅಂದಾಗ ಅವರ ಮುಖ ಬಿಗಿಯಿತು. "ಎಂಗ್ ಕಳಿಸ್ಲಿ ಯೋಳಿ. ಒಳ್ಗಡೆ ವರ್ಸದ್ ಬೆಳೆ ನೇತಾಕಿವ್ನಿ. ಬೆಂಕಿ ಒಂದ್ ಗಳ್ಗೆ ಎಚ್ಚುಕಮ್ಮಿ ಆದ್ರೂ ಸೊಪ್ಪು ಕರ್ರಗಾಯ್ತದೆ. ನಂಗೂ ಅವ್ಳು ಓದ್ಲಿ ಅಂತ್ಲೇ ಇತ್ತು. ಕಾಲು ಕೇಳ್ಬೇಕಲ್ಲ."

"ಬೆಂಕಿ ನಾನು ನೋಡ್ಕೊತೀನಿ ಗೌಡ್ರೇ."

ಅವರು ಕಾಲು ನೋಯುವಷ್ಟು ನಕ್ಕರು. ನಾನು ನಗಲಿಲ್ಲ. ನನ್ನ ಖಾತೆಯಲ್ಲಿ ರಜೆ ಕೊಳೆಯುತ್ತ ಬಿದ್ದಿತ್ತು, ಆರು ದಿನ ಬರೆದುಕೊಟ್ಟೆ.

ಸೋಮವಾರ ಪವಿತ್ರ ಬಸ್ಸಿಗೆ ಹೊರಡುವ ಮುಂಚೆ ನನಗೆ ಪಾಠ ಮಾಡಿದಳು. ಗೋಡೆಯಲ್ಲೊಂದು ಗಾಜಿನ ಕಿಂಡಿ, ಅದರಾಚೆ ಥರ್ಮಾಮೀಟರು. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಒಂದೊಂದಕ್ಕೂ ಒಂದೊಂದು ಬಿಸಿ. ಯಾವ ಹೊತ್ತಿಗೆ ಎಷ್ಟು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಅದರ ಹಿಂದಿನ ಹಾಳೆಗಳಲ್ಲಿ ಅರ್ಥಶಾಸ್ತ್ರದ ನೋಟ್ಸು ಇತ್ತು. ತರಗತಿಗೆ ಬಾರದ ದಿನಗಳಲ್ಲಿ ಬ್ಯಾರನ್ನಿನ ಮುಂದೆ ಕೂತು, ನಮ್ಮ ಲೈಬ್ರರಿಯ ಪುಸ್ತಕ ನೋಡಿ ಬರೆದುಕೊಂಡದ್ದು.

ಎರಡನೆಯ ದಿನವೇ ನನ್ನ ಯೋಗ್ಯತೆ ಬಯಲಾಯಿತು. ಒಂದು ಕಾದಂಬರಿ ತೆಗೆದುಕೊಂಡು ಹೋಗಿದ್ದೆ, ಅದರಲ್ಲಿ ಮುಳುಗಿಬಿಟ್ಟೆ. ಮಂಚದಿಂದ ಗುಡುಗು ಕೇಳಿಸಿತು. "ಮೇಷ್ಟ್ರೇ! ವಾಸ್ನೆ ಬದ್ಲಾಯ್ತು! ಬೆಂಕಿ ಮಲೀಕತಾ ಅದೆ, ನೋಡ್ರೀ!" ಓಡಿಹೋಗಿ ಕಿಂಡಿ ನೋಡಿದರೆ ಬಿಸಿ ಇಳಿದಿತ್ತು. ಗಾಬರಿಯಲ್ಲಿ ಸೌದೆ ತುರುಕಿದೆ. "ಅಷ್ಟೊಂದಲ್ಲ! ಎಳೀರಿ ಈಚ್ಗೆ! ಸೊಪ್ಪು ಬೇಯ್ಸಿ ಅಂದ್ರೆ ಸುಡ್ತೀರೇನ್ರೀ?" ಕೈಯ ರೋಮ ಸುಟ್ಟುಹೋಯಿತು. ಮಲಗಿದ್ದಲ್ಲಿಂದಲೇ ಬರೀ ವಾಸನೆ ಹಿಡಿದು ಬೆಂಕಿಯ ಅಳತೆ ಹೇಳಬಲ್ಲ ಮನುಷ್ಯ ಅವರು. ಎಷ್ಟೋ ಪ್ರಿನ್ಸಿಪಾಲರ ಕೈಕೆಳಗೆ ಕೆಲಸ ಮಾಡಿದ್ದೇನೆ, ಅವರಷ್ಟು ಕೆಲಸ ಬಲ್ಲ ಮೇಲಧಿಕಾರಿ ನನಗೆ ಸಿಕ್ಕಿರಲಿಲ್ಲ. ಕಾದಂಬರಿಯನ್ನು ಚೀಲಕ್ಕೆ ಹಾಕಿದವನು ಆಮೇಲೆ ತೆಗೆಯಲಿಲ್ಲ.

ಕೆಲಸದ ನಡುವೆ ಮಾತಾಡಿದೆವು. ತಾವು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟದ್ದು, ಮಗಳು ಮಾರ್ಕ್ಸ್ ಕಾರ್ಡು ತಂದಾಗಲೆಲ್ಲ ಅದರಲ್ಲಿ ಏನು ನೋಡಬೇಕು ಅಂತ ತಿಳಿಯದೆ ಸಹಿ ಹಾಕಿದ್ದು, ಎಲ್ಲವನ್ನೂ ಹೇಳಿಕೊಂಡರು. ಓದು ಸಾಕು ಅಂದದ್ದು ಸಿಟ್ಟಿಗಲ್ಲ, ತಮ್ಮ ಕಾಲಿನಿಂದ ಅವಳ ವರ್ಷ ಹಾಳಾಯಿತು ಅನ್ನುವ ಮುಜುಗರಕ್ಕೆ ಅಂತ ನನಗೆ ಅರ್ಥವಾಯಿತು. ಸಂಜೆ ಪವಿತ್ರ ಬಂದ ಕೂಡಲೇ ಮೊದಲು ಕಿಂಡಿ ನೋಡುತ್ತಿದ್ದಳು, ಆಮೇಲೆ ನೋಟ್‌ಬುಕ್ಕಿನಲ್ಲಿ ನಾನು ಬರೆದ ಅಂಕಿ ನೋಡುತ್ತಿದ್ದಳು, ಎಲ್ಲ ಮುಗಿದ ಮೇಲೆ ಚಪ್ಪಲಿ ಬಿಡುತ್ತಿದ್ದಳು. ಮೂರನೆಯ ದಿನದಿಂದ ಅವಳ ಮುಖದಲ್ಲಿ ಆತಂಕ ಕಡಿಮೆಯಾಯಿತು.

ಶನಿವಾರ ಸಂಜೆ ಅವಳು ಬರುವಾಗ ಕೈಯಲ್ಲಿ ಹಾಲ್‌ಟಿಕೆಟ್ ಇತ್ತು. ಅಪ್ಪನ ಕೈಗೆ ಕೊಟ್ಟು, ಕಿಂಡಿ ನೋಡಲು ಹೋದಳು. ಚಿಕ್ಕೇಗೌಡರು ಆ ಹಾಳೆಯಲ್ಲಿದ್ದ ಮಗಳ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ದನಿ ತಗ್ಗಿಸಿ ನನ್ನನ್ನು ಕರೆದರು.

"ಮೇಷ್ಟ್ರೇ, ಇದ್ ಪಾಸಾದ್ ಮ್ಯಾಕೆ ಇವ್ಳುನ್ನ ಯಾವ್ದುಕ್ಕೆ ಆಕದು? ನಮ್ಗೇನ್ ಗೊತ್ತಾಯ್ತದೆ. ನೀವೇ ಒಂದ್ ದಾರಿ ಯೋಳಿ."

ನನ್ನ ನಾಲಿಗೆಯ ತುದಿಯಲ್ಲಿ ಬಿ.ಎಡ್. ಇತ್ತು, ಎಂ.ಎ. ಇತ್ತು, ಬ್ಯಾಂಕ್ ಪರೀಕ್ಷೆ ಇತ್ತು, ಇವು ಮೂರಕ್ಕೂ ಒಂದೊಂದು ಜೋಕೂ ಇತ್ತು. ಎಲ್ಲವನ್ನೂ ನುಂಗಿಕೊಂಡೆ.

"ನನ್ನ ಕೇಳಬೇಡಿ ಗೌಡ್ರೇ. ಅವಳನ್ನೇ ಕೇಳಿ."

ಅವರು ನನ್ನ ಮುಖ ನೋಡಿದರು. ಆ ದಾರಿ ಅವರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ ಅಂತ ಕಾಣುತ್ತದೆ. ಮಗಳ ಕಡೆ ತಿರುಗಿ ಕರೆದರು.

"ಪವೀ, ಬಾವ್ವ ಇಲ್ಲಿ. ಕುಂತ್ಕೊ. ಮುಂದ್ಕೆ ನೀನ್ ಏನ್ ಓದ್ಬೇಕು ಅಂತಿದ್ದೀಯ?"

ಪವಿತ್ರ ಮಂಚದ ತುದಿಯಲ್ಲಿ ಕೂತಳು. ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅಪ್ಪನನ್ನೇ ನೋಡಿದಳು. ಅವಳ ಕಣ್ಣು ತುಂಬಿಕೊಂಡಿತ್ತು.

"ಯೋಚ್ನೆ ಮಾಡಿ ಯೋಳ್ತೀನಿ ಅಪ್ಪಾ."

"ಮಾಡವ್ವ. ಆತ್ರ ಏನಿಲ್ಲ."

ಒಲೆಗೆ ಕೊನೆಯ ಎರಡು ಸೌದೆ ಇಡುವುದಿತ್ತು. ಅವರಿಬ್ಬರೂ ಏಳುವ ಹಾಗೆ ಕಾಣಲಿಲ್ಲ, ನಾನೇ ಎದ್ದು ಹೋಗಿ ಇಟ್ಟೆ.